ಗೌರಿಬಾಯಿಯ ಡಮ್ಮಿ ಅರ್ಜಿ

ಗಂಡನ ಅರ್ಜಿ ತಿರಸ್ಕಾರವಾಗಲಿ ಎಂದು ಯಾವ ಹೆಂಡತಿಯೂ ದೇವರಲ್ಲಿ ಬೇಡಿಕೊಳ್ಳುವುದಿಲ್ಲ. ಪಣಜಿಯ ಮಾಮಲೇದಾರ ಕಚೇರಿಯ ಜಗಲಿಯಲ್ಲಿ ಕಂಬಕ್ಕೆ ಒರಗಿ ಕುಳಿತ ಗೌರಿಬಾಯಿ ಅದನ್ನೇ ಬೇಡಿಕೊಳ್ಳುತ್ತಿದ್ದಳು.

ಒಳಗೆ ಪಂಚಾಯತಿ ಚುನಾವಣೆಯ ನಾಮಪತ್ರಗಳ ಪರಿಶೀಲನೆ ನಡೆದಿತ್ತು. ಅವಳ ಗಂಡ ದೇವಲಪ್ಪ ವಿಜಾಪುರದ ಕಡೆಯ ತಾಂಡಾದಿಂದ ಗಾರೆ ಕೆಲಸಕ್ಕೆ ಬಂದವನು. ಮೊದಲು ಕೂಲಿಗಳ ಮೇಲೆ ಮುಕಾದಮನಾದ, ಆಮೇಲೆ ಗುತ್ತಿಗೆದಾರನಾದ. ಈಗ ಚಿಂಬಲ್ ಗುಡ್ಡದ ಕೂಲಿಕಾರರಿಗೆಲ್ಲ ಅವನೇ ಸಾವಕಾರ. ಎದುರಾಳಿ ಊರಿನವನೇ ಆದ ಗಾಂವಕರ. ಪಂಚಾಯತಿಯ ಚರಂಡಿ ಗುತ್ತಿಗೆ ಹಿಡಿದವನು ಪಂಚಾಯತಿಗೇ ನಿಲ್ಲುವ ಹಾಗಿಲ್ಲ ಎಂಬುದು ಅವನ ತಕರಾರು.

ಹೀಗಾಗಬಹುದೆಂದು ದೇವಲಪ್ಪನಿಗೆ ಮೊದಲೇ ಗೊತ್ತಿತ್ತು. ಅರ್ಜಿ ತುಂಬುವ ದಿನ ಹೆಂಡತಿಯ ಮುಂದೆಯೂ ಒಂದು ಕಾಗದ ಹಿಡಿದಿದ್ದ.

"ಇದಕ್ಕೊಂದು ಸಹಿ ಮಾಡು."

"ಏನಿದು?"

"ಡಮ್ಮಿ ಅರ್ಜಿ. ನಂದು ಬಿದ್ದರ ನಿಂದು ಇರಲಿ ಅಂತ. ಗಾಡಿಗೆ ಸ್ಟೆಪ್ನಿ ಇರೂದಿಲ್ಲೇನು?"

ಸುತ್ತ ನಿಂತವರು ನಕ್ಕಿದ್ದರು. ಅವಳು ಸಹಿ ಮಾಡಿದ್ದಳು. ನಿಲ್ಲುತ್ತೀಯಾ ಎಂದು ಅವನೂ ಕೇಳಲಿಲ್ಲ, ಕಚೇರಿಯವರೂ ಕೇಳಲಿಲ್ಲ.

ಈಗ ಕಿಟಕಿಯಿಂದ ಒಳಗಿನ ಮಾತು ಕೇಳುತ್ತಿತ್ತು. ಚರಂಡಿ ಎಲ್ಲಿಂದ ಎಲ್ಲಿಗೆ, ಕೆಲಸ ಮುಗಿದಿದೆಯೋ ಇಲ್ಲವೋ, ಕರಾರು ಯಾರ ಹೆಸರಿನಲ್ಲಿದೆ. ಗೌರಿಬಾಯಿಗೆ ಬೇರೆ ಪ್ರಶ್ನೆಯ ನಿರೀಕ್ಷೆಯಿತ್ತು. ದಾಬೋಲಿಮ್‌ನ ಕಟ್ಟಡದ ಸಿಮೆಂಟ್ ಶೆಡ್ಡಿಗೆ ಕೂಲಿಗೆ ಬಂದ ಚಂದವ್ವನನ್ನು ಯಾಕೆ ಕರೆದೆ, ಒಳಗಿನಿಂದ ಅಗಳಿ ಯಾಕೆ ಹಾಕಿದೆ ಎಂದು ಯಾರಾದರೂ ಅವನನ್ನು ಇವತ್ತಾದರೂ ಕೇಳಿಯಾರು ಎಂದು ಹುಚ್ಚಿಯ ಹಾಗೆ ಕಾಯುತ್ತಿದ್ದಳು. ಆ ಸಂಗತಿ ಹೋದ ವರ್ಷವೇ ತೀರ್ಮಾನವಾಗಿತ್ತು. ತಾಂಡಾದ ಹಿರಿಯರು ಕೂತು, ದೇವಲಪ್ಪನಿಗೆ ಒಂದು ಆಡು ಮತ್ತು ಶೆರೆಯ ದಂಡ ಹಾಕಿದ್ದರು. ಆಡನ್ನು ಗೌರಿಬಾಯಿಯ ಅಂಗಳದಲ್ಲೇ ಕಡಿದರು. ಮಸಾಲೆ ಅರೆದವಳು ಅವಳು, ಬಡಿಸಿದವಳೂ ಅವಳೇ. ಚಂದವ್ವನ ಗಂಡ ಖೀರಪ್ಪ ಪಂಕ್ತಿಯಲ್ಲಿ ಕೂತು, ಎಲುಬು ಚೀಪಿ, "ಸಾರು ಚಲೋ ಆಗೇತಿ ವೈನಿ" ಅಂದಿದ್ದ. ಅಂದು ಪಾತ್ರೆ ತಿಕ್ಕುವಾಗ ಅವಳಿಗೆ ವಾಂತಿಯಾಗಿತ್ತು. ಮತ್ತೆ ಬಸಿರೇನೋ ಎಂದು ಅಕ್ಕಪಕ್ಕದವರು ಚೇಷ್ಟೆ ಮಾಡಿದ್ದರು.

ಅರ್ಜಿ ತಿರಸ್ಕಾರವಾಯಿತು, ಚರಂಡಿಯ ಕಾರಣಕ್ಕೆ. ಗೌರಿಬಾಯಿ ಕೂತಲ್ಲೇ ದೇವರಿಗೆ ಕೈಮುಗಿದಳು. ಆದರೆ ಹೊರಗೆ ಬಂದ ದೇವಲಪ್ಪ ನಗುತ್ತಿದ್ದ.

"ಏಳ್ರಿ ಮೆಂಬರಬಾಯಿ," ಎಂದ. "ಗಾಂವಕರಗ ಖುಷಿ ಆಗಲಿ ಬಿಡು. ಸ್ಟೆಪ್ನಿ ಮ್ಯಾಲ ಗಾಡಿ ಓಡತೈತಿ."

ಮಾರನೆಯ ದಿನವೇ ಗೋಡೆಗಳ ಮೇಲೆ ಅವಳ ಹೆಸರು ಬಂತು. ಹೆಸರು ಅವಳದು, ಕೆಳಗಿನ ಫೋಟೋ ಅವನದು. ಹೊಸ ಸೀರೆ ಉಡಿಸಿ, ಕುಂಕುಮದ ಡಬ್ಬಿ ಕೈಗೆ ಕೊಟ್ಟು, ಗುಡ್ಡದ ಚಾಳುಗಳಲ್ಲಿ ಮನೆಮನೆ ತಿರುಗಿಸಿದ. ಹೆಣ್ಣುಮಕ್ಕಳ ಹಣೆಗೆ ಕುಂಕುಮ ಹಚ್ಚಿ ಕೈಮುಗಿಯುವುದಷ್ಟೇ ಅವಳ ಕೆಲಸ. ನಲ್ಲಿ ತರುತ್ತೇನೆ, ದೀಪ ತರುತ್ತೇನೆ ಎಂದು ಮಾತಾಡುವವನು ಅವನು. ಖೀರಪ್ಪ ಮುಂದೆ ಮುಂದೆ ನಡೆದು ಘೋಷಣೆ ಕೂಗುತ್ತಿದ್ದ.

ಖೀರಪ್ಪನ ಮನೆಯ ಬಾಗಿಲೂ ಬಂತು. ಚಂದವ್ವ ಹೊಸ್ತಿಲ ಒಳಗೇ ನಿಂತಿದ್ದಳು.

"ಯಾಕವಾ, ಆರಾಮದಿ?" ಎಂದ ದೇವಲಪ್ಪ, ಸೋದರಮಾವನ ಹಾಗೆ. "ಏ ಗೌರಿ, ಕುಂಕುಮ ಹಚ್ಚು ಆಕಿಗೆ."

ಗೌರಿಬಾಯಿ ಕೈ ಎತ್ತಿದಳು. ಚಂದವ್ವ ಮುಖ ತಿರುಗಿಸಲಿಲ್ಲ, ಉಸಿರು ಮಾತ್ರ ಬಿಗಿಹಿಡಿದಳು. ಬೆರಳು ಹಣೆಗೆ ತಾಗಿದಾಗ, ಗೌರಿಬಾಯಿಗೆ ಮಾತ್ರ ಕೇಳುವಂತೆ ಅಂದಳು:

"ಅಕ್ಕಾ, ನಿನ್ನ ಕೈಗೂ ಅವನ ಅತ್ತರದ ವಾಸನಿ ಹತ್ತೇತಿ."

ಅವಳ ಕೈಗೆ ಕೊಡುವ ತನಕ ಡಬ್ಬಿ ಅವನ ಕಿಸೆಯಲ್ಲೇ ಇತ್ತು. ಗೌರಿಬಾಯಿ ಕೈ ಹಿಂದೆ ತೆಗೆದಳು. ಮುಂದಿನ ಮನೆಗಳಲ್ಲಿ ಯಾರ ಹಣೆ ಮುಟ್ಟಿದಳೋ ಅವಳಿಗೆ ನೆನಪಿಲ್ಲ. ಮನೆಗೆ ಬಂದು ಬೂದಿ ಹಾಕಿ ತಿಕ್ಕಿದಳು, ಸಬಕಾರ ಹಚ್ಚಿ ತಿಕ್ಕಿದಳು. ವಾಸನೆ ಹೋಯಿತು, ಹೇಸಿಕೆ ಹೋಗಲಿಲ್ಲ. ಅದು ಅವನೊಬ್ಬನ ಮೇಲಿನ ಹೇಸಿಕೆಯಾಗಿ ಉಳಿದಿರಲಿಲ್ಲ. ಅವನಿಗೆ ಕದ ಮುಚ್ಚಿದ ಮೇಲೆ ಕಿಟಕಿಯಾಗಿ ತೆರೆದುಕೊಂಡವಳು ತಾನೇ ಅಲ್ಲವೇ? ಕಾಯ್ದೆ ಅವನನ್ನು ಬೇಡವೆಂದಿತು. ತನ್ನನ್ನು ಬೇಡವೆನ್ನಲು ಕಾಯ್ದೆಗೆ ಕಾರಣವಿರಲಿಲ್ಲ. ಆ ಕಾರಣ ಅವಳೊಬ್ಬಳಿಗೇ ಗೊತ್ತಿತ್ತು.

ಹೆಸರು ಹಿಂದೆ ತೆಗೆಯಲು ಮರುದಿನವೇ ಕೊನೆ. ನಡುಮನೆಯಲ್ಲಿ ಗಂಡಸರು ಮತಗಳ ಲೆಕ್ಕ ಹಾಕುತ್ತಿದ್ದಾಗ, ಬಾಜಾರಕ್ಕೆಂದು ಚೀಲ ಹಿಡಿದು ಹೊರಟು ಪಣಜಿ ಬಸ್ಸು ಹತ್ತಿದಳು.

ಕಚೇರಿಯ ಗುಮಾಸ್ತ ಕಾರವಾರದ ಕಡೆಯವ, ಕನ್ನಡ ಬರುತ್ತಿತ್ತು.

"ಅರ್ಜಿ ವಾಪಸ್ ತಗೊಳ್ತೀಯಾ? ಯಜಮಾನರು ಎಲ್ಲಿ?"

"ಮನ್ಯಾಗ ಅದಾರ."

"ಅವರನ್ನ ಕರ್ಕೊಂಡು ಬಾ. ನಾಳೆ ನಮ್ಮ ತಲೆ ಮೇಲೆ ಬರ್ತದೆ."

"ಅವತ್ತು ಸಹಿ ಮಾಡುಮುಂದ ನನ್ನ ಮನಸ್ಸು ಕೇಳಿದ್ರೇನು ನೀವು?" ಎಂದಳು ಗೌರಿಬಾಯಿ. "ಇವತ್ತ್ಯಾಕ ಅವರದು ಕೇಳ್ತೀರಿ?"

ಗುಮಾಸ್ತ ಸಾಹೇಬರ ಕಡೆ ನೋಡಿದ. ಸಾಹೇಬರು ಕಾಗದದಿಂದ ಕಣ್ಣೆತ್ತದೆ ಕೊಂಕಣಿಯಲ್ಲಿ ಏನೋ ಅಂದರು. ಗುಮಾಸ್ತ ಹಾಳೆಯೊಂದನ್ನು ಮುಂದೆ ತಳ್ಳಿದ. ಗೌರಿಬಾಯಿ ಅಕ್ಷರ ಅಕ್ಷರವಾಗಿ ಸಹಿ ಮಾಡಿದಳು.

ಸುದ್ದಿ ಅವಳಿಗಿಂತ ಮುಂಚೆ ಜಗಲಿ ತಲುಪಿತ್ತು. ಎದುರಿಗೆ ಯಾರೂ ಇಲ್ಲದೆ ಗಾಂವಕರ ಗೆದ್ದಿದ್ದ. ಅವನ ಕಡೆಯವನೊಬ್ಬ ಅವಳ ಕೈಗೆ ಪೇಡೆ ತುರುಕಲು ಬಂದ. ಅವಳು ಮುಷ್ಟಿ ಬಿಗಿದಳು. ನಲ್ಲಿ ಇನ್ನು ಬರುವುದಿಲ್ಲ, ಗುಡ್ಡದ ಹೆಂಗಸರು ತನಗೆ ಶಾಪ ಹಾಕುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಚಂದವ್ವನೂ ಹಾಕಿಯಾಳು, ನೀರು ಹೊರುವವಳು ಅವಳೇ.

ಅಷ್ಟರಲ್ಲಿ ದೇವಲಪ್ಪನ ಜೀಪು ಬಂದು ನಿಂತಿತು. ಜಿಗಿದು ಇಳಿದವನು ಅವಳ ಮುಖ ನೋಡಿದ, ಸುತ್ತಲಿನ ಜನ ನೋಡಿದ. ಸಿಟ್ಟು ಮುಖದಲ್ಲಿ ಮೇಲೆ ಬಂದದ್ದು ಅಲ್ಲೇ ಒಳಗಿಳಿಯಿತು. ನೇರವಾಗಿ ಹೋಗಿ ಗಾಂವಕರನ ಕೈ ಹಿಡಿದು ಕುಲುಕಿದ.

"ಮನಿಯಾಕಿಗೆ ಆರಾಮಿಲ್ರಿ. ಅದಕ್ಕ ನಾನ ತಗಿಸಿದೆ. ಒಂದ ಊರಾಗ ಇದ್ದು ನಮಗ ನಮಗ ಯಾಕ ಜಗಳ?"

ಗಾಂವಕರ ಅವನನ್ನು ತಬ್ಬಿಕೊಂಡ. ಹಾರ ಒಂದಿದ್ದದ್ದು ಇಬ್ಬರ ಕೊರಳಿಗೂ ಬಂತು. ಪೇಡೆ ದೇವಲಪ್ಪನ ಬಾಯಿಗೆ ಹೋಯಿತು. ಅವನು ಅಗಿದ, ನುಂಗಿದ, ತುಟಿ ಒರೆಸಿಕೊಂಡ.

"ನನಗ ಆರಾಮ ಐತಿ," ಎಂದಳು ಗೌರಿಬಾಯಿ. ಜೋರಾಗಿಯೇ ಅಂದಳು. "ಇವರು ತಗಿಸಿಲ್ಲ. ಇವರ ಸಲುವಾಗಿ ಮಂದಿ ಮುಂದ ಕೈ ಮುಗಿಯಾಕ ನನಗ ಹೇಸಿಕಿ ಬಂತು. ಅದಕ್ಕ ನಾನ ತಗದೆ."

ಯಾರೋ ನಕ್ಕರು. "ಗಂಡ ಹೆಂಡ್ತಿ ಜಗಳರಿ, ಮನ್ಯಾಗ ಮುಗಿಸ್ಕೊಳ್ಳಿ" ಎಂದು ಇನ್ನೊಬ್ಬ ಸೇರಿಸಿದ. ದೇವಲಪ್ಪನೂ ನಕ್ಕ.

"ಜೀಪ್ ಹತ್ತು," ಎಂದ, ಹಲ್ಲು ಕಾಣುವಂತೆಯೇ.

"ಬಸ್ಸಿಗೆ ಬರ್ತೇನಿ."

ಮನೆಯಲ್ಲಿ ಇವತ್ತು ಏನು ಕಾದಿದೆ ಎಂದು ಅವಳಿಗೆ ತಿಳಿಯದೆ ಇರಲಿಲ್ಲ. ಮೆಟ್ಟಿಲಿಳಿದು, ಬಾಜಾರದ ಚೀಲ ಬಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಹಿಂದೆ ಪಟಾಕಿ ಸಿಡಿಯುತ್ತಿತ್ತು. ಅವಳು ತಿರುಗಿ ನೋಡಲಿಲ್ಲ, ನಡಿಗೆಯನ್ನು ಜೋರು ಮಾಡಲೂ ಇಲ್ಲ.