ಕಣ್ಣು ಮುಚ್ಚುವ ಪಾಠ

ಜೈಲಿನಲ್ಲಿ ನಾಲ್ಕು ಗಂಡಸರ ನಡುವೆ ಕಣ್ಣು ಮುಚ್ಚುವವನು ಒಂದೋ ಹುಚ್ಚ, ಇಲ್ಲವೇ ಸಾಯಲು ತಯಾರಾದವನು. ಐಕೆ ಬ್ರೋಡರ್ಸನ್ ಎರಡೂ ಅಲ್ಲ. ಆದರೆ ನಿದ್ದೆ ಕಾಣದೆ ಅವನ ತಲೆ ಕೆಟ್ಟುಹೋಗಿತ್ತು. ದಿಂಬಿಗೆ ಕಿವಿಯಿಟ್ಟರೆ ಸಾಕು, ಬಂದರಿನ ಕಲ್ಲುಹಾಸಿಗೆ ತಲೆಯೊಂದು ಬಡಿಯುವ ಸದ್ದು ಕೇಳಿಸುತ್ತಿತ್ತು. ಹೆಂಡದಂಗಡಿಯ ಹೊರಗೆ ಮಾತಿಗೆ ಮಾತು ಬೆಳೆದು ಅವನು ಚಾರ್ಕ್ ಎಂಬ ದೋಣಿಯವನ ಮುಖಕ್ಕೆ ಗುದ್ದಿದ್ದ. ಬಿದ್ದವನನ್ನು ಒದ್ದಿದ್ದ. ಚಾರ್ಕ್ ಬದುಕಲಿಲ್ಲ. "ಗುದ್ದಿದ್ದು ಕುಡಿತ ಸ್ವಾಮಿ, ಒದ್ದಿದ್ದು ನಾನು" ಎಂದು ನ್ಯಾಯಾಧೀಶರ ಮುಂದೆ ತಾನೇ ಒಪ್ಪಿಕೊಂಡಿದ್ದ.

ಜೈಲಿನ ವೈದ್ಯ ಮಾತ್ರೆ ಕೊಡಲು ಒಪ್ಪದೆ, ವೀಬ್ಕೆ ಹಾರ್ಮ್ಸನ್ ನಡೆಸುವ ಪಾಠಕ್ಕೆ ಕಳಿಸಿದ. ಗುರುವಾರ ಮಧ್ಯಾಹ್ನ ವ್ಯಾಯಾಮದ ಹಾಲ್‌ನಲ್ಲಿ ಚಾಪೆ ಹಾಸಿ ಕೈದಿಗಳನ್ನು ಸಾಲಾಗಿ ಮಲಗಿಸಿ, ಆಕೆ ಮೆಲ್ಲನೆ ಹೇಳುತ್ತಿದ್ದಳು: ಬಲಗೈ ಭಾರವಾಗುತ್ತಿದೆ. ಬಲಗೈ ಬೆಚ್ಚಗಾಗುತ್ತಿದೆ. ಉಸಿರು ತಾನೇ ಬರುತ್ತಿದೆ, ತಾನೇ ಹೋಗುತ್ತಿದೆ. ಕೊನೆಗೆ ಹಣೆ ತಣ್ಣಗಾಗುತ್ತಿದೆ. ಮೈಯನ್ನು ಹೀಗೆ ಅಂಗ ಅಂಗವಾಗಿ ಸಡಿಲಿಸುತ್ತ ಹೋದರೆ ಮನಸ್ಸು ತಾನಾಗಿ ತಣ್ಣಗಾಗುತ್ತದೆ ಎಂಬುದು ಆಕೆಯ ನಂಬಿಕೆ. ಕೈದಿಗಳಿಗೆ ಆಕೆ ಫ್ರಾವ್, ಎಂದರೆ ಶ್ರೀಮತಿ, ಹಾರ್ಮ್ಸನ್.

"ಫ್ರಾವ್ ಹಾರ್ಮ್ಸನ್, ನನ್ನ ಹೊಟ್ಟೆ ಹುಟ್ಟಿದಾಗಿಂದ್ಲೇ ಭಾರ" ಎಂದು ಕಳ್ಳಸಹಿ ಹಾಕಿ ಜೈಲು ಸೇರಿದ್ದ ಓನ್ನೋ ನಗಿಸುತ್ತಿದ್ದ.

"ಅದರ ಸರದಿ ಆಮೇಲೆ. ಮೊದಲು ಬಾಯಿ ಸಡಿಲ ಬಿಡಿ, ಮಾತಿಗಲ್ಲ" ಎನ್ನುತ್ತಿದ್ದಳು ಆಕೆ.

ಐಕೆ ಗೋಡೆಗೆ ಅಂಟಿಕೊಂಡು, ಬಾಗಿಲ ಕಡೆಗೇ ಕಣ್ಣು ನೆಟ್ಟು ಮಲಗುತ್ತಿದ್ದ. ಎಷ್ಟೋ ಗುರುವಾರ ಹೀಗೇ ಕಳೆದವು. ಆಕೆ ಒತ್ತಾಯಿಸಲಿಲ್ಲ. "ಕಣ್ಣು ಬಿಟ್ಕೊಂಡೇ ಕೈ ಭಾರ ಮಾಡಿ ಸಾಕು" ಎಂದಳು. ಕೈ ನಿಜವಾಗಿಯೂ ಭಾರವಾದ ದಿನ ಅವನಿಗೆ ಹೆದರಿಕೆಯೇ ಆಯಿತು. ಬೇಕೆಂದಾಗ ಎತ್ತಲು ಬಾರದ ಕೈ ಯಾರಿಗೆ ಬೇಕು?

ಆ ಹೊತ್ತಿಗೆ ಮಾರ್ಟೆನ್ ಯೂರ್ಸ್ ಎಂಬ ಹೊಸಬ ಪಾಠಕ್ಕೆ ಸೇರಿದ. ದರೋಡೆಯ ಆಸಾಮಿ, ಒಣಕಲು, ಯಾರೊಂದಿಗೂ ಮಾತಿಲ್ಲ. ತನಗೂ ನಿದ್ದೆಯಿಲ್ಲ ಎಂದು ಅರ್ಜಿ ಹಾಕಿ ಬಂದಿದ್ದ. ಅದು ಸುಳ್ಳೂ ಆಗಿರಲಿಲ್ಲ. ಅವನೂ ಚಾರ್ಕನೂ ಒಂದೇ ತಾಯಿಯ ಮಕ್ಕಳು, ತಂದೆ ಬೇರೆ, ಮನೆಹೆಸರು ಬೇರೆ. ಆದ್ದರಿಂದ ಜೈಲಿನ ಕಚೇರಿಯವರ ಕಣ್ಣಿಗೆ ಅದು ಬೀಳಲಿಲ್ಲ. ಐಕೆಗಂತೂ ಗೊತ್ತೇ ಇರಲಿಲ್ಲ. ಒಂದೆರಡು ವಾರ ಮಾರ್ಟೆನ್ ಪಕ್ಕದ ಚಾಪೆಯಲ್ಲೇ ಮಲಗಿದ, ಮಿಸುಕಾಡದೆ.

ಸೆಕೆಯ ಒಂದು ಮಧ್ಯಾಹ್ನ. ವೀಬ್ಕೆಯ ಮಾತು ಕೇಳುತ್ತ ಕೇಳುತ್ತ ಐಕೆಯ ರೆಪ್ಪೆ ಇಳಿಯಿತು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಆ ಸದ್ದಿಲ್ಲದ ಕತ್ತಲೆ. ತಲೆ ಒಂದು ಮಗ್ಗುಲಿಗೆ ಹೊರಳಿತು. ಅವನು ಉಳಿದಿದ್ದೇ ಆ ಹೊರಳಿನಿಂದ.

ಮಾರ್ಟೆನ್ ಮೂಲೆಯಲ್ಲಿದ್ದ ಕಬ್ಬಿಣದ ಡಂಬೆಲ್ ಎರಡು ಕೈಯಲ್ಲೂ ಎತ್ತಿ ಅಪ್ಪಳಿಸಿದ. ಹಣೆಗೆಂದು ಹೊಡೆದಿದ್ದು ಕಿವಿಯನ್ನು ಹರಿದುಕೊಂಡು ಹೋಗಿ ಭುಜದ ಮೂಳೆಯನ್ನು ಒಣಕಟ್ಟಿಗೆಯಂತೆ ಮುರಿಯಿತು. ಐಕೆ ಕಿರುಚಿದ. ಇನ್ನೊಮ್ಮೆ ಎತ್ತಿದಾಗ ಮಾರ್ಟೆನ್ ಹೇಳಿದ:

"ಇದು ಚಾರ್ಕ್‌ಗೆ ಕಣೋ, ನಾಯಿ!"

ಐಕೆ ಅವನ ಮೊಣಕಾಲಿಗೆ ಒದ್ದು ಕೆಡವಿದ. ಬಲಗೈ ಜೋತಾಡುತ್ತಿತ್ತು. ಎದೆಯ ಮೇಲೆ ಹತ್ತಿ ಕೂತು ಎಡಗೈಯಿಂದಲೇ ಗುದ್ದಿದ. ಒಂದು ಗುದ್ದಿಗೆ ಹಲ್ಲು, ಇನ್ನೊಂದಕ್ಕೆ ದವಡೆ. ದವಡೆ ಮುರಿದದ್ದು ಅವನ ಮುಷ್ಟಿಗೇ ತಿಳಿಯಿತು, ಆದರೂ ಮುಷ್ಟಿ ನಿಲ್ಲಲಿಲ್ಲ. ಇತರರು ಗೋಡೆಗೆ ಒತ್ತಿಕೊಂಡು ನಿಂತರು. "ಬಿಡೋ, ಸತ್ತೋಗ್ತಾನೆ!" ಎಂದು ಓನ್ನೋ ಕೂಗಿದ್ದೂ ಕೇಳಲಿಲ್ಲ.

ವೀಬ್ಕೆ ಹೇಳಿದಳು, ಅದೇ ಧ್ವನಿಯಲ್ಲಿ: "ಐಕೆ, ಉಸಿರು. ಉಸಿರಿನ ಕಡೆ ಗಮನ ಕೊಡಿ." ಆ ಮಾತು ಏನೂ ಕೆಲಸ ಮಾಡಲಿಲ್ಲ. ಕೊನೆಗೆ ಆಕೆ ಅವನ ಕೂದಲು ಹಿಡಿದು ಎಳೆದಳು. ಅವನ ಮೊಣಕೈ ಹಿಂದಕ್ಕೆ ಚಿಮ್ಮಿ ಆಕೆಯ ಬಾಯಿಗೆ ಬಡಿಯಿತು. ವಾರ್ಡರುಗಳು ಬಂದು ಲಾಠಿ ಬೀಸಿ ಅವನನ್ನು ಮಲಗಿಸುವ ಹೊತ್ತಿಗೆ ಮೂವರ ರಕ್ತವೂ ಒಂದೇ ಚಾಪೆಯ ಮೇಲಿತ್ತು.

ಪಾಠ ನಿಂತಿತು. ಐಕೆಯ ಶಿಕ್ಷೆ ಬೆಳೆಯಿತು. ಭುಜಕ್ಕೆ ಲೋಹದ ಪಟ್ಟಿ ಕೂಡಿಸಿ ಅವನನ್ನು ಒಂಟಿ ಕೋಣೆಗೆ ಹಾಕಿದರು. ವೀಬ್ಕೆ ಒಮ್ಮೆ ನೋಡಲು ಬಂದಳು. ಮುಂದಿನ ಹಲ್ಲಿನ ಜಾಗ ಖಾಲಿ.

"ನಾನು ಬೇಕೂಂತ ಮಾಡ್ಲಿಲ್ಲ, ಫ್ರಾವ್ ಹಾರ್ಮ್ಸನ್."

"ಗೊತ್ತು. ಅದ್ರಿಂದ ಹಲ್ಲು ಬೆಳೆಯೋದಿಲ್ಲ."

ಅವನು ಕೇಳಿದ: "ನಿಮಗೆ ನಿದ್ದೆ ಬರುತ್ತಾ?"

"ಇಲ್ಲ" ಎಂದಳು. "ಬಲಗೈ ಅಂತ ಶುರು ಮಾಡಿದ ಕೂಡ್ಲೆ ನಾಲಿಗೆ ಆ ಖಾಲಿ ಜಾಗಕ್ಕೆ ಹೋಗಿ ನಿಲ್ಲುತ್ತೆ. ಬೇರೆಯವರಿಗೆ ಹೇಳ್ಕೊಟ್ಟಿದ್ದು ನನಗೇ ದಕ್ಕಲಿಲ್ಲ ನೋಡಿ." ಆಕೆ ಮತ್ತೆ ಬರಲಿಲ್ಲ.

ಮಾರ್ಟೆನ್‌ನನ್ನು ಆಸ್ಪತ್ರೆಯಿಂದ ತಂದು ಅದೇ ಸಾಲಿನ ಪಕ್ಕದ ಕೋಣೆಗೇ ಹಾಕಿದರು. ಒಂಟಿ ಕೋಣೆಗಳಿದ್ದುದೇ ಅಷ್ಟು. ದವಡೆಗೆ ತಂತಿ ಬಿಗಿದು ಹಲ್ಲುಸಾಲು ಎರಡನ್ನೂ ಕಟ್ಟಿದ್ದರು. ಕೊಳವೆಯಲ್ಲಿ ಸೂಪು ಹೀರಬೇಕು, ಮಾತಿಲ್ಲ. ಬೀಗ ಬಿದ್ದ ಮೇಲೂ ಬೇಸಿಗೆಯ ಬೆಳಕು ಕಿಟಕಿಯಲ್ಲಿ ನಿಂತೇ ಇರುತ್ತಿತ್ತು. ಆಗ ಐಕೆಗೆ ಗೋಡೆಯಾಚೆಯ ಸದ್ದು ಕೇಳುತ್ತಿತ್ತು: ಉಸಿರು ಸಿಕ್ಕಿಹಾಕಿಕೊಂಡಂತೆ ಗೊರಗೊರ, ಆಮೇಲೆ ಗೋಡೆಗೆ ಕೈ ಬಡಿತ. ಬಾಯಿ ಕಟ್ಟಿದವನಿಗೆ ಉಸಿರು ನಿಂತೇಹೋಗುತ್ತದೆ ಎಂಬ ಭಯ. ವಾರ್ಡರ್ ಬಂದು ಇಣುಕಿ, "ಮೂಗಿದೆಯಲ್ಲಪ್ಪ" ಎಂದು ಹೋಗುತ್ತಿದ್ದ.

ಮೊದಮೊದಲು ಐಕೆಗೆ ಖುಷಿಯೇ ಆಯಿತು. ಸಾಯಲಿ ಎಂದುಕೊಂಡ. ಆದರೆ ಆ ಬಡಿತ ದಿನವೂ ಬಂತು. ಅದು ಅವನ ತಲೆಯೊಳಗಿನ ಸದ್ದಿನೊಂದಿಗೆ ಸೇರಿ ಬೇರೆಯೇ ತಿಳಿಯದಂತಾಯಿತು. ಒಂದು ಸಂಜೆ ತಡೆಯಲಾರದೆ ಕಿಟಕಿಯ ಸರಳಿಗೆ ಬಾಯಿಟ್ಟ.

"ಮೂಗಲ್ಲಿ ಉಸಿರಾಡೋ! ಮೂಗು ನಾನು ಮುರಿದಿಲ್ಲ."

ಆಚೆಯಿಂದ ಗೋಡೆಗೆ ಒದೆ ಬಿತ್ತು.

"ಒದಿ. ಒದೆಯೋಕೆ ಉಸಿರಿದೆ ಅಂದ್ರೆ ಬದುಕಿದೀಯ. ಈಗ ಆ ಕಾಲು ಕೆಳಗೆ ಬಿಡು. ಭಾರ ಆಗ್ಲಿ."

ಮತ್ತೊಂದು ಒದೆ. ಐಕೆ ನಿಲ್ಲಿಸಲಿಲ್ಲ. ವೀಬ್ಕೆಯ ನಯ ಅವನಿಗೆಲ್ಲಿ? ಹಂದಿ ಅಟ್ಟುವವನಂತೆ ಒರಟಾಗಿ, ಬಲಗೈ, ಎಡಗೈ, ಕಾಲು, ಉಸಿರು ಎಂದು ಸಾಲಾಗಿ ಹೇಳಿದ. ಮೇಲಿನ ಕಿಟಕಿಯಿಂದ ಯಾರೋ ಬೂಟು ಎಸೆದು ಬೈದರು. ಮರುದಿನವೂ ಹೇಳಿದ. ಅದರ ಮರುದಿನವೂ. ಒದೆ ಕಡಿಮೆಯಾಯಿತು, ಗೊರಗೊರ ನೀಳವಾಯಿತು, ಕೊನೆಗೊಂದು ದಿನ ಗೊರಕೆಯಾಯಿತು. ಐಕೆ ಗೋಡೆಗೊರಗಿ ಕೂತು ಆ ಗೊರಕೆಯನ್ನು ಕೇಳಿದ. ಅವನನ್ನು ಕೊಲ್ಲಲು ಬಂದವನ ಗೊರಕೆ. ಯಾಕೋ ಅಳು ಬಂತು.

ತಂತಿ ಬಿಚ್ಚಿದ ಸಂಜೆ ಮಾರ್ಟೆನ್ ಮೊದಲ ಬಾರಿ ಮಾತಾಡಿದ. ತುಟಿ ಇನ್ನೂ ಬಿಗಿ, ಮಾತು ಅರೆದು ಬರುತ್ತಿತ್ತು.

"ಚಾರ್ಕ್ ಕೊನೆಗೆ ಏನಂದ?"

ಐಕೆ ಸುಳ್ಳು ಹೇಳಬಹುದಿತ್ತು. "ಟೋಪಿ ಎಲ್ಲಿ ಅಂತ ಕೇಳಿದ. ಟೋಪಿ ಹುಡುಕಿ ಕೊಡು ಅಂದ."

"ಕೊಟ್ಟೆಯಾ?"

"ಇಲ್ಲ. ಓಡಿದೆ."

ಗೋಡೆಯಾಚೆ ಮಂಚ ಕಿರುಗುಟ್ಟಿತು. ಆಮೇಲೆ: "ಅದು ನನ್ನ ಟೋಪಿ. ಕೇಳದೆ ಹಾಕ್ಕೊಂಡು ಹೋಗಿದ್ದ, ಕಳ್ಳ."

ಐಕೆ ಹಣೆಯನ್ನು ಗೋಡೆಗೆ ಒತ್ತಿದ.

"ನಿನ್ನನ್ನ ಕ್ಷಮಿಸ್ತೀನಿ ಅನ್ಕೋಬೇಡ" ಎಂದ ಮಾರ್ಟೆನ್. "ಹೊರಗೆ ಸಿಕ್ಕಿದ್ರೆ ಅವತ್ತು ಉಳಿದಿದ್ದನ್ನ ಮುಗಿಸ್ತೀನಿ."

"ಸರಿ."

"ಏನ್ ಸರಿ? ಶುರು ಮಾಡು, ನಿದ್ದೆ ಬೇಕು."

ಐಕೆ ಶುರು ಮಾಡಿದ. ಹೊಟ್ಟೆಯವರೆಗೆ ಬರುವಷ್ಟರಲ್ಲಿ ಅವನ ನಾಲಿಗೆಯೇ ತೊದಲಿ, ತಲೆ ಎದೆಗೆ ಜೋತುಬಿತ್ತು.

"ಲೇ!" ಗೋಡೆಗೆ ಗುದ್ದು ಬಿತ್ತು. "ನೀನ್ ಮಲಗ್ಬೇಡ್ವೋ, ಇನ್ನೂ ಹಣೆ ಬಾಕಿ ಇದೆ!"