ಹಲ್ಲಿನ ಡಾಕ್ಟರ ಷೇರು ಭವಿಷ್ಯ

ಹಲ್ಲಿನ ಡಾಕ್ಟರು ತಮ್ಮ ಷೇರುಗಳನ್ನೆಲ್ಲ ಮಾರಿದ್ದು ಒಂದು ಮಂಗಳವಾರ. ಷೇರುಪೇಟೆ ಕುಸಿದು ಬಿದ್ದದ್ದು ಅದೇ ವಾರದ ಶುಕ್ರವಾರ. ಇವೆರಡಕ್ಕೂ ಎಳ್ಳಷ್ಟೂ ಸಂಬಂಧವಿರಲಿಲ್ಲ. ಆದರೆ ಇಲ್ಲದ ಸಂಬಂಧ ಕಲ್ಪಿಸುವುದಕ್ಕೆ ಭಾವ ಇದ್ದರಲ್ಲ.

ನಡೆದದ್ದು ಇಷ್ಟೆ. ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ಒರಗಿಸುವ ಕುರ್ಚಿಗೆ ವಯಸ್ಸಾಗಿತ್ತು. ಪೆಡಲ್ ಒತ್ತಿದರೆ ಏರಬೇಕಾದದ್ದು ಇಳಿಯುತ್ತಿತ್ತು, ಇಳಿಯಬೇಕಾದದ್ದು ಅರ್ಧದಲ್ಲಿ ನಿಂತು ಗಡಗಡ ನಡುಗುತ್ತಿತ್ತು. ಸೋಮವಾರ ಸಂಜೆ, ಮೈಕಟ್ಟಿನಲ್ಲಿ ಯಾರಿಗೂ ಕಡಿಮೆಯಿಲ್ಲದ ವಕೀಲರೊಬ್ಬರ ದವಡೆ ಹಲ್ಲಿಗೆ ಇಕ್ಕಳ ಹಾಕಿ ಎಳೆಯುವ ಹೊತ್ತಿಗೆ ಸರಿಯಾಗಿ ಅದು ಧೊಪ್ಪನೆ ಕುಸಿಯಿತು. ವಕೀಲರು ಕೆಳಗೆ ಹೋದರು, ಹಲ್ಲು ಡಾಕ್ಟರ ಕೈಯಲ್ಲೇ ಉಳಿಯಿತು. ಇಷ್ಟು ಸಲೀಸಾಗಿ ಹಲ್ಲು ಕಿತ್ತದ್ದಕ್ಕೆ ವಕೀಲರು ಕೈಕುಲುಕಿ ಹೋದರು. ಮನೆಗೆ ಬಂದು ಹೇಳಿದಾಗ ಹೆಂಡತಿ ಮಾತ್ರ ನಗಲಿಲ್ಲ.

"ನಾಳೆ ಯಾರದಾದ್ರೂ ನಾಲಿಗೆ ಕೈಗೆ ಬಂದ್ರೆ ಏನ್ರೀ ಮಾಡ್ತೀರಿ? ಮೊದಲು ಹೊಸ ಕುರ್ಚಿ ತಗೊಳ್ಳಿ."

ಕುರ್ಚಿಯ ಬೆಲೆ ಕೇಳಿದರೆ ಹಲ್ಲು ತಾನಾಗೇ ಉದುರುವಂತಿತ್ತು. ಹೀಗಾಗಿ ಷೇರುಗಳು ಹೋದವು, ಕುರ್ಚಿ ಬಂತು.

ಶುಕ್ರವಾರ ಸಂಜೆ ಭಾವ, ಅಂದರೆ ಹೆಂಡತಿಯ ಅಣ್ಣ, ಚಪ್ಪಲಿ ಬಿಡುವುದಕ್ಕೂ ತಾಳ್ಮೆಯಿಲ್ಲದೆ ಒಳಗೆ ನುಗ್ಗಿದರು. ಅವರದು ಕನ್ನಡಕದ ಅಂಗಡಿ. ಇದ್ದ ಗಲ್ಲಿಯಿಂದ ದೊಡ್ಡ ರಸ್ತೆಗೆ ಅಂಗಡಿ ಬದಲಾಯಿಸಬೇಕೆಂದು ಕೂಡಿಟ್ಟ ಮುಂಗಡದ ದುಡ್ಡನ್ನೆಲ್ಲ, ಸುಮ್ಮನೆ ಬಿದ್ದಿರುವುದೇಕೆ ಎಂದು ಷೇರಿಗೆ ಹಾಕಿದ್ದರು.

"ಟಿವಿ ನೋಡಿದ್ರಾ? ಪೇಟೆ ನೆಲ ಕಚ್ಚಿದೆ! ನೀವೇನು ಹಾಯಾಗಿ ಊಟ ಮಾಡ್ತಿದ್ದೀರಿ?"

"ನಾನು ಮಂಗಳವಾರಾನೇ ಎಲ್ಲ ಮಾರಿಬಿಟ್ಟೆನಲ್ಲ," ಎಂದರು ಡಾಕ್ಟರು, ಬಾಯಲ್ಲಿದ್ದ ತುತ್ತು ನುಂಗಿ.

ಭಾವ ಮೂಗಿನ ಮೇಲಿನ ಕನ್ನಡಕ ತೆಗೆದು ಅವರನ್ನೇ ದಿಟ್ಟಿಸಿದರು. ಮದುವೆಯಾದಾಗಿನಿಂದ ಅವರು ಡಾಕ್ಟರನ್ನು ನೋಡುತ್ತಿದ್ದ ರೀತಿಯೇ ಬೇರೆ. 'ನಮ್ಮ ತಂಗಿ ಗಂಡ ಡಾಕ್ಟರೇ, ಆದ್ರೆ ಪೂರ್ತಿ ಅಲ್ಲ, ಬಾಯಿ ತನಕ' ಎಂದು ನೆಂಟರಿಗೆಲ್ಲ ಪರಿಚಯಿಸಿದವರು. ಈಗ ಅದೇ ಕಣ್ಣಲ್ಲಿ ಭಕ್ತಿ ತುಳುಕುತ್ತಿತ್ತು. "ಮೊದಲೇ ಹೇಗ್ ಗೊತ್ತಾಯ್ತು ನಿಮಗೆ?"

ಕುರ್ಚಿ ಎಂಬ ಮಾತು ಡಾಕ್ಟರ ನಾಲಿಗೆ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಆ ಭಕ್ತಿ ಕಂಡು ಅಲ್ಲೇ ನಿಂತಿತು.

"ಏನೋ... ಒಂಥರಾ ಅನ್ನಿಸ್ತು," ಎಂದರು.

ನೀರಿನ ಲೋಟ ತಂದ ಹೆಂಡತಿ ಗಂಡನನ್ನೊಮ್ಮೆ ನೋಡಿ, ಲೋಟವನ್ನು ಸ್ವಲ್ಪ ಜೋರಾಗಿಯೇ ಮೇಜಿನ ಮೇಲೆ ಕುಕ್ಕಿದಳು.

ಸೋಮವಾರದ ಹೊತ್ತಿಗೆ ಕ್ಲಿನಿಕ್ಕಿನ ಬೆಂಚುಗಳು ಸಾಲದಾದವು. ಭಾವ ತಮ್ಮ ಅಂಗಡಿಗೆ ಬಂದ ಪ್ರತಿ ಗಿರಾಕಿಗೂ ಕನ್ನಡಕದ ಜೊತೆ ಸುದ್ದಿಯನ್ನೂ ಕಟ್ಟಿ ಕೊಟ್ಟಿದ್ದರು. ಹಲ್ಲು ಗಟ್ಟಿಮುಟ್ಟಾಗಿರುವವರೆಲ್ಲ ಕೆನ್ನೆ ಹಿಡಿದುಕೊಂಡು ಬರತೊಡಗಿದರು. ಹೊರಗೆ ಕೂತು ಸರದಿ ಕೂಗುವ ನರ್ಸಮ್ಮ ಮೊದಲೆರಡು ದಿನ ತಬ್ಬಿಬ್ಬಾದರೂ ಮೂರನೆಯ ದಿನ ವ್ಯವಸ್ಥೆ ಮಾಡಿಕೊಂಡಳು. ಬಂದವರನ್ನು ತಲೆಯೆತ್ತಿಯೂ ನೋಡದೆ ಕೇಳುತ್ತಿದ್ದಳು: "ಹಲ್ಲಾ, ಷೇರಾ?"

ಒಳಗೆ ಹೊಸ ಕುರ್ಚಿಯ ಮೇಲೆ ಒರಗಿ, ಬಾಯಿ ಅಗಲಿಸಿ, ಜೊಲ್ಲು ಎಳೆಯುವ ಪೈಪು ತುಟಿಯಂಚಿಗೆ ತೂಗುಹಾಕಿಸಿಕೊಂಡೇ ಜನ ಪ್ರಶ್ನೆ ಕೇಳುತ್ತಿದ್ದರು. ಹಲ್ಲಿನ ಡಾಕ್ಟರಿಗೆ ಬರೀ ಸ್ವರಗಳ ಭಾಷೆ ಅರ್ಥವಾಗುತ್ತದೆ. "ಆಇಇಆ, ಇಒಆ?" ಎಂದರೆ "ಮಾರಿಬಿಡ್ಲಾ, ಇಟ್ಕೊಳ್ಲಾ?" ಎಂದು ಅವರಿಗೆ ತಕ್ಷಣ ಹೊಳೆಯುತ್ತಿತ್ತು.

ಇನ್ನೂ ಬೀಳುತ್ತಾ, ತಳ ಮುಟ್ಟಿತಾ, ಎಂದು ಕೇಳುವವರು ಕೆಲವರು. ತಿಂಗಳಿಗಿಷ್ಟು ಅಂತ ಮ್ಯೂಚುವಲ್ ಫಂಡಿಗೆ ಕಟ್ಟುತ್ತಿದ್ದೇನೆ, ನಿಲ್ಲಿಸಿಬಿಡಲಾ ಎನ್ನುವವರು ಹಲವರು. ಈಗ ಸಸ್ತಾ ಅಲ್ವಾ, ಸಾಲ ಮಾಡಿಯಾದರೂ ಇನ್ನಷ್ಟು ಕೊಳ್ಳಲಾ ಎಂದು ಒಬ್ಬ ಬೇಕರಿಯವನು ಕೇಳಿದ. ಚಿನ್ನಕ್ಕೆ ಹಾಕಲಾ ಎಂದವಳ ಹಿಂದೆಯೇ, ಇದ್ದ ಚಿನ್ನ ಮಾರಿ ಷೇರಿಗೆ ಹಾಕಲಾ ಎನ್ನುವವಳೂ ಬಂದಳು. ಕೇಳುವ ಎಲ್ಲರೂ ಉತ್ತರವನ್ನು ಮನೆಯಿಂದಲೇ ಗಂಟು ಕಟ್ಟಿಕೊಂಡು ಬಂದಿರುತ್ತಿದ್ದರು. ಡಾಕ್ಟರ ಮಾತು ಅದಕ್ಕೆ ಹೊಂದಿದರೆ ಮಹಾಜ್ಞಾನಿ ಎಂದು ತಲೆಯಾಡಿಸುವರು. ಹೊಂದದಿದ್ದರೆ ಕಿವಿ ಕೇಳಿಸದವರಂತೆ ಅದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಕೇಳುವರು.

ಮೊದಮೊದಲು ಡಾಕ್ಟರಿಗೆ ಏನು ಹೇಳಬೇಕೆಂದೇ ತೋಚುತ್ತಿರಲಿಲ್ಲ. ಒಂದು ಮಧ್ಯಾಹ್ನ ಒಬ್ಬ ಗುತ್ತಿಗೆದಾರರ ಮುಂದಿನ ಹಲ್ಲನ್ನು ಬೆರಳಲ್ಲಿ ಅಲುಗಿಸುತ್ತ, "ಅಲುಗಾಡ್ತಿದೆ ಅಂತ ಎಲ್ಲಾನೂ ಕಿತ್ತುಹಾಕೋಕಾಗಲ್ಲ. ಬೇರು ಗಟ್ಟಿ ಇದೆ. ಸ್ವಲ್ಪ ದಿನ ನೋಡೋಣ," ಎಂದರು. ಹೇಳಿದ್ದು ಹಲ್ಲಿಗೆ. ಗುತ್ತಿಗೆದಾರರು ಕಣ್ಣರಳಿಸಿ, ಬಾಯಿ ಮುಕ್ಕಳಿಸಿ, "ಎಂಥಾ ಮಾತು ಹೇಳಿದ್ರಿ ಡಾಕ್ಟ್ರೇ! ನಾನು ಆ ಸಿಮೆಂಟ್ ಷೇರು ಮಾರಲ್ಲ," ಎಂದು ಎದ್ದು ಹೋದರು. ಹಲ್ಲಿನ ಬಗ್ಗೆ ಒಂದಕ್ಷರ ಕೇಳಲಿಲ್ಲ.

ಅಂದಿನಿಂದ ಡಾಕ್ಟರಿಗೆ ದಾರಿ ಸಿಕ್ಕಿತು. ವಸಡಿನ ಮೇಲೆ ಭಾರ ಹಾಕಿ ಪೇಟೆಯನ್ನು ವಿವರಿಸತೊಡಗಿದರು. ದನಿ ತಗ್ಗಿತು, ಮಾತಿನ ನಡುವೆ ಬಿಡುವು ಹೆಚ್ಚಿತು. ಕನ್ನಡಿ ಮುಂದೆ ತಲೆ ಬಾಚುವಾಗ ಹಣೆ ಗಂಟಿಕ್ಕುವುದನ್ನೂ ಕಲಿತರು. ಅವರು ಯಾರಿಗೂ ಸುಳ್ಳು ಹೇಳುತ್ತಿರಲಿಲ್ಲ ಎಂಬುದು ನಿಜ. ಯಾಕೆಂದರೆ ಸುಳ್ಳು ಹೇಳುವುದಕ್ಕಾದರೂ ನಿಜ ಏನೆಂದು ಗೊತ್ತಿರಬೇಕು.

ಹೀಗಿರುವಾಗ ಒಂದು ಸಂಜೆ, ಪೇಟೆ ಇನ್ನಷ್ಟು ಬಿದ್ದ ದಿನ, ಭಾವ ಬಂದು ಪಟ್ಟು ಹಿಡಿದರು. "ಬೇರು ಗೀರು ಬೇಡ. ನನಗೆ ಒಂದೇ ಮಾತಲ್ಲಿ ಹೇಳಿ. ಮಾರ್ಲಾ, ಬೇಡ್ವಾ?"

ಬೆಳಿಗ್ಗೆಯಿಂದ ಟಿವಿಯಲ್ಲಿ ಪೇಟೆ ಬೀಳುವ ಕೆಂಪು ಬಾಣದ ಗುರುತುಗಳನ್ನೇ ನೋಡಿ ಡಾಕ್ಟರೂ ಹೆದರಿದ್ದರು. "ಮಾರಿಬಿಡಿ," ಎಂದರು.

ಮರುದಿನ ಪೇಟೆ ಚೂರು ಏರಿತು. ಡಾಕ್ಟರಿಗೂ ಹುರುಪು ಬಂತು. ಆಗ ಬಂದವರು ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದ ಸಂಗೀತದ ಮೇಡಂ. ಮುಪ್ಪಿಗಾಗಲಿ ಎಂದು ಇಷ್ಟಿಷ್ಟೇ ಫಂಡಿನಲ್ಲಿ ಕೂಡಿಟ್ಟವರು. "ಇಟ್ಕೊಳ್ಳಿ ಮೇಡಂ, ಧೈರ್ಯವಾಗಿರಿ," ಎಂದರು ಡಾಕ್ಟರು, ಜಗತ್ತಿನ ಧೈರ್ಯವೆಲ್ಲ ತಮ್ಮ ಬಿಳಿ ಕೋಟಿನ ಜೇಬಿನಲ್ಲಿದ್ದ ಹಾಗೆ.

ಶನಿವಾರ ಬೆಳಿಗ್ಗೆ ಭಾವನೂ ಸಂಗೀತದ ಮೇಡಮ್ಮೂ ಒಂದೇ ಬೆಂಚಿನ ಮೇಲೆ ಕೂತರು. ಒಳಗೆ ಡಾಕ್ಟರು ವಕೀಲರಿಗೆ ಹೊಸ ಹಲ್ಲು ಕೂರಿಸುವ ಅಳತೆ ತೆಗೆಯುತ್ತಿದ್ದರು. ಬಾಗಿಲ ಆಚೆಯಿಂದ ಮೊದಲು ಪಿಸುಮಾತು ಕೇಳಿಸಿತು.

"ನಮ್ಮ ಡಾಕ್ಟ್ರು ಮಾರಿ ಅಂದ್ರು, ಅರ್ಧ ಮಾರ್ದೆ."

"ಹಾಗೆಲ್ಲ ಅಂದಿರಲ್ಲ ಬಿಡಿ. ನನಗೆ ಇಟ್ಕೊಳ್ಳಿ ಅಂದಿದ್ದಾರೆ."

"ನನ್ನ ತಂಗಿ ಗಂಡ ಕಣ್ರೀ ಅವರು! ನನಗೆ ತಪ್ಪು ಹೇಳ್ತಾರಾ?"

"ಹಾಗಾದ್ರೆ ನನಗೆ ತಪ್ಪು ಹೇಳಿದ್ರಾ?"

ಡಾಕ್ಟರಿಗೆ ವಕೀಲರ ಬಾಯಲ್ಲಿ ಅಳತೆಯ ಗಾರೆ ಗಟ್ಟಿಯಾಗುತ್ತಿದ್ದದ್ದೂ ಮರೆತುಹೋಯಿತು. ಬಾಗಿಲು ತೆರೆದುಕೊಂಡು ಇಬ್ಬರೂ ಒಳಗೆ ಬಂದೇಬಿಟ್ಟರು. ಅವರ ಬೆನ್ನಿಗೆ ಬೆಂಚಿನ ಮೇಲಿದ್ದವರೆಲ್ಲ. ಎಲ್ಲರ ಹಿಂದೆ, ಗಂಡನಿಗೆ ಊಟದ ಡಬ್ಬಿ ತಂದಿದ್ದ ಹೆಂಡತಿ. ಅವಳು ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುವವಳು. ಗಲಾಟೆ ಅಡಗಿಸುವ ದನಿ ಅವಳಿಗೆ ಅಭ್ಯಾಸವಾಗಿತ್ತು.

"ಎಲ್ಲರೂ ಸ್ವಲ್ಪ ಸುಮ್ನಿರಿ," ಎಂದಳು. ಸುಮ್ಮನಾದರು. "ಇವರಿಗೆ ಏನೂ ಗೊತ್ತಿಲ್ಲ. ಇವರು ಷೇರು ಮಾರಿದ್ದು ಈ ಕುರ್ಚಿ ತಗೊಳ್ಳೋಕೆ. ಹಳೇದು ಕೆಟ್ಟುಹೋಗಿತ್ತು. ಅಷ್ಟೆ."

ಡಾಕ್ಟರು ತಲೆ ತಗ್ಗಿಸಿದರು. ಭೂಮಿ ಬಾಯ್ಬಿಡುವುದನ್ನು ಕಾಯುತ್ತ ನಿಂತರು. ಆದರೆ ಬಾಯ್ಬಿಟ್ಟದ್ದು ಬೇಕರಿಯವನು. "ಹೌದೌದು, ದೊಡ್ಡೋರು ಎಲ್ಲಿ ನಿಜ ಹೇಳ್ತಾರೆ!" ಎಂದು ಮುಗುಳ್ನಕ್ಕ. ಉಳಿದವರೂ ಅರ್ಥವಾದವರಂತೆ ಕಣ್ಣು ಮಿಟುಕಿಸಿದರು. ವಕೀಲರು ಬಾಯಲ್ಲಿದ್ದದ್ದನ್ನು ಕಷ್ಟಪಟ್ಟು ಬಿಡಿಸಿಕೊಂಡು, ಕುರ್ಚಿಯ ಕೈಯನ್ನು ಸವರುತ್ತ, ತಗ್ಗಿದ ದನಿಯಲ್ಲಿ ಕೇಳಿದರು: "ಡಾಕ್ಟ್ರೇ, ಈ ಕುರ್ಚಿ ಮಾಡೋ ಕಂಪನಿದು ಷೇರು ಸಿಗುತ್ತಾ?"

ಹೆಂಡತಿ ಹಣೆ ಚಚ್ಚಿಕೊಂಡಳು. "ಅಣ್ಣಾ, ನೀನು ಅಂಗಡಿ ಮುಂಗಡ ಯಾವಾಗ ಕೊಡ್ಬೇಕು?"

"ಮುಂದಿನ ತಿಂಗಳು."

"ಮೇಡಂ, ನಿಮಗೆ ಆ ದುಡ್ಡು ಯಾವಾಗ ಬೇಕು?"

"ಈಗೇನಿಲ್ಲಮ್ಮ. ಬೆರಳು ಓಡೋ ತನಕ ಪಾಠ ಇದ್ದೇ ಇರುತ್ತೆ. ಆಮೇಲಿಗೆ."

"ಒಬ್ಬರಿಗೆ ತಿಂಗಳಲ್ಲಿ ಬೇಕು, ಇನ್ನೊಬ್ಬರಿಗೆ ಎಷ್ಟೋ ವರ್ಷ ಬಿಟ್ಟು ಬೇಕು. ಇಬ್ಬರಿಗೂ ಒಂದೇ ಉತ್ತರ ಯಾಕ್ರೀ ಇರ್ಬೇಕು?"

ಅವಳ ಮಾತು ಅವರಿಗೆ ತಿಳಿಯಲಿಲ್ಲವೆಂದಲ್ಲ. ತೀರಾ ಸುಲಭವಾಗಿ ತಿಳಿದುಬಿಟ್ಟಿತು, ಅದೇ ತೊಂದರೆ. ಇಷ್ಟು ಸರಳವಾದದ್ದಕ್ಕೆ ಬೆಲೆ ಇರಲಾರದು ಎಂಬಂತೆ ಎಲ್ಲರೂ ಡಾಕ್ಟರ ಕಡೆಗೇ ತಿರುಗಿದರು. ಡಾಕ್ಟರು ಕೈಗವಸು ಕಳಚಿ ಬುಟ್ಟಿಗೆ ಹಾಕಿದರು. ಅದರಲ್ಲೂ ಏನೋ ಸೂಚನೆ ಇದೆಯೆಂದು ಇಬ್ಬರು ತಲೆದೂಗಿದರು.

ಆಮೇಲಿನದು ಹೀಗಾಯಿತು. ಭಾವ ಉಳಿದರ್ಧವನ್ನೂ ಮಾರಿ, ಹಾಕಿದ್ದಕ್ಕಿಂತ ಕೊಂಚ ಕಡಿಮೆಯಾದರೂ ಮುಂಗಡಕ್ಕೆ ಸಾಲುವಷ್ಟು ಕೈಗೆ ತೆಗೆದುಕೊಂಡರು. ದೊಡ್ಡ ರಸ್ತೆಯ ಅಂಗಡಿ ಅವರದಾಯಿತು. ಪೇಟೆ ಇನ್ನೂ ಕೆಳಗಿಳಿಯಿತು. ಸಂಗೀತದ ಮೇಡಂ ಮೂರು ವಾರ ಹಲ್ಲು ಕಚ್ಚಿಕೊಂಡು ಕೂತಿದ್ದವರು, ಪೇಪರಿನಲ್ಲಿ 'ಮಹಾಪತನ' ಎಂಬ ತಲೆಬರಹ ಓದಿದ ಬೆಳಿಗ್ಗೆ ಯಾರನ್ನೂ ಕೇಳದೆ ಅಷ್ಟನ್ನೂ ಮಾರಿದರು. ಅದಾದ ಮೇಲೆ ಪೇಟೆ ಮತ್ತೆ ಇಳಿಯಲಿಲ್ಲ. ಅವರು ಮಾರುವುದನ್ನೇ ಕಾದಿತ್ತೇನೋ ಎನ್ನುವಂತೆ ಏರತೊಡಗಿತು.

ಇದರಲ್ಲಿ ಡಾಕ್ಟರನ್ನು ಬೈಯಬೇಕಾದವರು ಯಾರು? ಮೇಡಂ ಬೈಯಲಿಲ್ಲ. "ಡಾಕ್ಟ್ರು ಸರಿಯಾಗೇ ಹೇಳಿದ್ರು, ನಾನೇ ಹೆದರಿದೆ," ಎಂದು ಪಾಠಕ್ಕೆ ಬಂದ ಮಕ್ಕಳ ತಾಯಂದಿರಿಗೆಲ್ಲ ಹೇಳಿ ಕಣ್ಣೊರೆಸಿಕೊಂಡರು. ಅದು ಮೇಲಿನ ಮಹಡಿಯಿಂದ ಕಿವಿಗೆ ಬಿದ್ದ ದಿನ ಡಾಕ್ಟರಿಗೆ ಊಟ ಸೇರಲಿಲ್ಲ. ಮುಳುಗದೆ ದಡ ಸೇರಿದ್ದ ಭಾವ ಮಾತ್ರ, ಮಾರದೆ ಇದ್ದಿದ್ದರೆ ಈಗ ಎಷ್ಟಾಗಿರುತ್ತಿತ್ತು ಎಂದು ದಿನಾ ಲೆಕ್ಕ ಹಾಕಿ ಹಾಕಿ, ಡಾಕ್ಟರ ಹತ್ತಿರ ಮಾತು ಬಿಟ್ಟರು.

ಪೇಟೆ ಏರುತ್ತಿದ್ದಂತೆ ಪ್ರಶ್ನೆಗಳೂ ನಿಂತವು. ಲಾಭ ಬರುವಾಗ ಎಲ್ಲರೂ ಸ್ವಂತ ಬುದ್ಧಿಯವರೇ. ನರ್ಸಮ್ಮ ಅಭ್ಯಾಸಬಲದಿಂದ "ಹಲ್ಲಾ, ಷೇರಾ?" ಎಂದರೆ ಬಂದವರು ಅವಳನ್ನು ವಿಚಿತ್ರವಾಗಿ ನೋಡುತ್ತಿದ್ದರು. ಡಾಕ್ಟರು ಒಂದೆರಡು ಸಲ ತಾವಾಗಿಯೇ, "ಪೇಟೆ ಹೇಗಿದೆ ನೋಡಿದ್ರಾ?" ಎಂದು ಮಾತು ತೆಗೆದರು. "ಬೇಗ ಮುಗಿಸಿ ಡಾಕ್ಟ್ರೇ, ಜೀವ ಹೋಗ್ತಿದೆ," ಎಂಬ ಉತ್ತರ ಬಂತು.

ಹೊಸ ಅಂಗಡಿ ತೆರೆಯುವ ದಿನ ತಂಗಿಯ ಒತ್ತಾಯಕ್ಕೆ ಭಾವ ಗಂಡಹೆಂಡತಿ ಇಬ್ಬರನ್ನೂ ಕರೆದರು. ಗಾಜಿನ ಕಪಾಟುಗಳು, ಸಾಲುಸಾಲು ಚೌಕಟ್ಟುಗಳು, ಒಳಗೆ ಕಣ್ಣು ಪರೀಕ್ಷಿಸುವ ಪುಟ್ಟ ಕೋಣೆ. ಎಲ್ಲವೂ ಥಳಥಳ. ಬಂದವರ ಮುಂದೆ ಭಾವ ಡಾಕ್ಟರನ್ನು ತೋರಿಸಿ, "ಇವರ ಮಾತು ಕೇಳದೆ ಇದ್ದಿದ್ರೆ ಪಕ್ಕದ ಮಳಿಗೇನೂ ನಂದೇ ಆಗ್ತಿತ್ತು," ಎಂದರು.

"ಕೇಳದೆ ಇದ್ದಿದ್ರೆ ಮುಂಗಡ ಕೊಡೋ ದಿನ ಯಾರ ಮನೆ ಬಾಗಿಲು ತಟ್ತಿದ್ದೆ ಅಣ್ಣಾ?" ಎಂದಳು ತಂಗಿ. "ಆ ದಿನ ಪೇಟೆ ಎಲ್ಲಿತ್ತು ಅಂತ ನೆನಪು ಮಾಡ್ಕೊ."

ಭಾವ ಸ್ವಲ್ಪ ಹೊತ್ತು ಚೌಕಟ್ಟುಗಳನ್ನು ಒರೆಸಿದಂತೆ ಮಾಡಿ, ಮುಖ ನೋಡದೆಯೇ ಡಾಕ್ಟರಿಗೆ, "ಬನ್ನಿ, ನಿಮ್ಮ ಕಣ್ಣು ನೋಡ್ತೀನಿ," ಎಂದರು. ಅವರ ಮಟ್ಟಿಗೆ ಅದೇ ರಾಜಿ.

ಕೋಣೆಯ ಗೋಡೆಯ ಮೇಲೆ ಅಕ್ಷರಗಳ ಹಲಗೆ. ಡಾಕ್ಟರು ಮೇಲಿನ ಸಾಲುಗಳನ್ನು ಗಡಗಡ ಓದಿದರು. ಕೊನೆಯ ಸಾಲಿಗೆ ಬಂದಾಗ ತಡೆದರು. ಹಣೆ ಗಂಟಿಕ್ಕಿ, ದನಿ ತಗ್ಗಿಸಿ, "'ಪ' ಇರ್ಬೇಕು... ಆಮೇಲೆ 'ಷ'... ಅದರ ಪಕ್ಕ 'ಘ' ಅನ್ಸುತ್ತೆ," ಎಂದರು.

"ಡಾಕ್ಟ್ರೇ," ಎಂದರು ಭಾವ, "ಕಾಣದೆ ಇದ್ರೆ ಕಾಣಲ್ಲ ಅನ್ನಿ. ಊಹೆ ಮಾಡಬೇಡಿ. ತಪ್ಪು ಕನ್ನಡಕ ಬಂದ್ರೆ ಆಮೇಲೆ ನನ್ನ ಬೈತೀರಿ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಡಾಕ್ಟರು ಆ ಸಾಲನ್ನೇ ಇನ್ನೊಂದು ಗಳಿಗೆ ನೋಡಿದರು.

"ಕಾಣಲ್ಲ," ಎಂದರು.

ಭಾವ ಚೀಟಿ ಬರೆದು ಕೊಟ್ಟರು. ಕನ್ನಡಕದ ಬೆಲೆಯಲ್ಲಿ ಒಂದು ಕಾಸೂ ಬಿಡಲಿಲ್ಲ.