ಗಡ್ಡದ ಯಜಮಾನರು

"ಗಡ್ಡದ ಯಜಮಾನರು ಇದ್ದಾರಾ?"

ಕೇಳಿದಾಕೆ ಇನ್ನೂ ಕೊನೆಯ ಮೆಟ್ಟಿಲ ಮೇಲೇ ಇದ್ದಳು. ಮಗುವನ್ನು ಎತ್ತಿಕೊಂಡ ಹಾಗೆ ಒಂದು ಹೊಲಿಗೆ ಯಂತ್ರವನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತಿದ್ದಳು. ಕೌಂಟರಿನ ಹಿಂದೆ ಕೂತಿದ್ದ ಅಂಗಡಿಯವನು ನುಣ್ಣಗೆ ಬೋಳಿಸಿದ ತನ್ನ ಗಲ್ಲವನ್ನು ಒಮ್ಮೆ ಸವರಿಕೊಂಡ. ಬೆನ್ನ ಹಿಂದೆ ಯಾರಾದರೂ ಬಂದು ನಿಂತಿದ್ದಾರೋ ಎಂದು ತಿರುಗಿಯೂ ನೋಡಿದ. ಗೋಡೆ ಇತ್ತು, ಗೋಡೆಗೆ ತೂಗುಹಾಕಿದ ಯಂತ್ರದ ಬೆಲ್ಟುಗಳಿದ್ದವು, ಪಕ್ಕದಲ್ಲಿ ಒಳಕೋಣೆಯ ಪರದೆ ಇತ್ತು, ಗಡ್ಡ ಮಾತ್ರ ಎಲ್ಲೂ ಕಾಣಲಿಲ್ಲ. ಆದರೂ ಬಂದ ಗಿರಾಕಿಯನ್ನು ವಾಪಸ್ಸು ಕಳಿಸಿ ಅವನಿಗೆ ಅಭ್ಯಾಸವಿಲ್ಲ.

"ಈಗಷ್ಟೇ ಹೊರಗೆ ಹೋದ್ರು," ಎಂದ. "ಇಟ್ಟು ಹೋಗಿ ತಾಯಿ, ಬಂದ ಕೂಡಲೇ ಅವರ ಕೈಗೇ ಕೊಡ್ತೀನಿ."

ಪರದೆಯ ಹಿಂದೆ ಬಟ್ಟಲಿನ ಎಣ್ಣೆಯಲ್ಲಿ ಯಂತ್ರದ ಕೆಳದಾರ ಹಿಡಿಯುವ ಶಟಲ್ ತೊಳೆಯುತ್ತಿದ್ದ ಅವನ ಹೆಂಡತಿಗೆ ನಗು ಉಕ್ಕಿ ಬಂತು. ಕೈಯೆಲ್ಲ ಎಣ್ಣೆಯಾಗಿದ್ದರಿಂದ ಮೊಣಕೈಯನ್ನು ಬಾಯಿಗೆ ಒತ್ತಿಕೊಂಡು ತಡೆದಳು. ಗಡ್ಡದ ಯಜಮಾನರು ಯಾರೆಂದು ಆ ಅಂಗಡಿಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಆ ಅಂಗಡಿ ನಡೆಯುತ್ತಿದ್ದದ್ದೇ ಹಾಗೆ. ಮಾತೆಲ್ಲ ಗಂಡನದು, ಕೆಲಸವೆಲ್ಲ ಹೆಂಡತಿಯದು. ಯಂತ್ರ ರಿಪೇರಿ ಅವಳ ಅಪ್ಪನ ಕಸುಬು. ಅಪ್ಪನ ಪಕ್ಕ ಕೂತು ಸ್ಕ್ರೂ ಆರಿಸಿಕೊಡುತ್ತಿದ್ದ ಹುಡುಗಿ, ದೊಡ್ಡವಳಾಗುವಷ್ಟರಲ್ಲಿ ಸದ್ದು ಕೇಳಿಯೇ ಯಂತ್ರದ ಕಾಯಿಲೆ ಹೇಳತೊಡಗಿದ್ದಳು. ಹುಡುಗಿಯೊಬ್ಬಳು ತಮ್ಮ ಯಂತ್ರ ಬಿಚ್ಚುವುದನ್ನು ಕಂಡರೆ ಗಿರಾಕಿಗಳು ಎತ್ತಿಕೊಂಡು ಹೊರಟುಬಿಟ್ಟಾರೆಂದು ಅಪ್ಪನೇ ಆ ಪರದೆ ಕಟ್ಟಿದ್ದು. ಅಪ್ಪ ಹೋದರು, ಪರದೆ ಉಳಿಯಿತು. ಮದುವೆಯಾದ ಮೇಲೆ ಗಂಡ ಬಂದು ಕೌಂಟರಿನಲ್ಲಿ ಕೂತ. ಅವನಿಗೆ ಸೂಜಿಗೆ ದಾರ ಪೋಣಿಸಲೂ ಬಾರದು. ಜಗಳಕ್ಕೆ ಬಂದವರನ್ನು ನಗಿಸಿ ಕಳಿಸುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ಸದಾ ಯಂತ್ರದ ಎಣ್ಣೆ ವಾಸನೆ ಹೊಡೆಯುವ ಹೆಂಡತಿಗೆ ಎಣ್ಣೆಬುಡ್ಡಿ ಎಂದು ಹೆಸರಿಟ್ಟವನೂ ಅವನೇ, ಅದಕ್ಕೆ ಅವಳು ಓಗೊಡುತ್ತಲೂ ಇದ್ದಳು. ಯಾರಾದರೂ ಏನು ಕೈಯಪ್ಪಾ ನಿಮ್ಮದು ಎಂದು ಹೊಗಳಿದರೆ, ನನ್ನದಲ್ಲ, ಒಳಗಿರುವವರದ್ದು ಎನ್ನುತ್ತಿದ್ದ. ಒಳಗಿರುವವರು ಯಾರು ಎಂದು ಯಾರೂ ಕೇಳಲಿಲ್ಲ. ಕೇಳದ್ದನ್ನು ಅವನೂ ಹೇಳಲಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ದೊಡ್ಡ ರಸ್ತೆಯ ಹಳೆಯ ಕಟ್ಟಡವನ್ನು ಕೆಡವಿದರು. ಅಂಗಡಿ, ಪರದೆಯ ಸಮೇತ, ಹಿಂದಿನ ಓಣಿಯ ಬೀಗ ರಿಪೇರಿಯವನ ಮೇಲಿನ ಮಹಡಿಗೆ ಬಾಡಿಗೆಗೆ ಬಂತು. ಬೋರ್ಡು ಹಾಕಲು ಜಾಗವಿಲ್ಲ, ಮೆಟ್ಟಿಲೋ ಕಡಿದಾದದ್ದು. ಹಳೆಯ ಗಿರಾಕಿಗಳು ಕಲ್ಲುಮಣ್ಣಿನ ರಾಶಿ ನೋಡಿ, ಅಂಗಡಿ ಮುಚ್ಚಿಹೋಯಿತು ಎಂದುಕೊಂಡರು. ಗಂಡ ನೊಣ ಹೊಡೆಯುತ್ತಾ ಕೂತ. ಹೀಗೇ ಆದರೆ ಬೀಗದವನಿಗೆ ಬೀಗದ ಕೈ ಕೊಟ್ಟು ಮನೆ ಸೇರೋಣ ಎಂದು ಒಂದು ದಿನ ತಮಾಷೆ ಮಾಡಿದ. ಅವಳಿಗೆ ಅದರಲ್ಲಿ ತಮಾಷೆ ಕೇಳಿಸಲಿಲ್ಲ. ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದೇ ಅವಳಿಗೆ ತಿಳಿಯದು.

ಅದೇ ವಾರ ಗ್ರಂಥಾಲಯದ ಬಾಗಿಲ ಮೇಲೆ ಒಂದು ಚೀಟಿ ಕಂಡಿತು. ನಿಮ್ಮ ವೆಬ್‌ಸೈಟ್ ನೀವೇ ಕಟ್ಟಿಕೊಳ್ಳಿ, ಕೋಡ್ ಬರೆಯಬೇಕಿಲ್ಲ, ವಯಸ್ಸಿನ ಕಟ್ಟುಪಾಡಿಲ್ಲ. ಅವಳು ಹೋಗಿ ಸೇರಿಕೊಂಡಳು. ಕಲಿಸುತ್ತಿದ್ದ ಗ್ರಂಥಾಲಯದ ಮೇಡಂ ಮೊದಲ ದಿನವೇ ಹೇಳಿದರು: ಇದು ಕಟ್ಟಿ ಮುಗಿಸಿದ ಮನೆ ಇದ್ದ ಹಾಗೆ. ಗೋಡೆ, ಕಿಟಕಿ, ಬಣ್ಣ ಎಲ್ಲ ಮೊದಲೇ ಇರುತ್ತದೆ, ಅದಕ್ಕೆ ಥೀಮ್ ಅನ್ನುತ್ತಾರೆ. ನೀವು ನಿಮ್ಮ ಸಾಮಾನು ತಂದು ಜೋಡಿಸಿಕೊಂಡರೆ ಸಾಕು.

ಸಾಮಾನು ಜೋಡಿಸುವುದು ಅವಳಿಗೆ ಹಬ್ಬವಾಯಿತು. ಪಾಸ್‌ವರ್ಡ್ ಎರಡು ಸಲ ಮರೆತಳು, ಮೌಸ್ ಒತ್ತಿದರೆ ಒಂದಕ್ಕೆ ಇನ್ನೊಂದು ತೆರೆದುಕೊಳ್ಳುತ್ತಿತ್ತು, ಆದರೂ ಹೆದರಲಿಲ್ಲ. ಗೊತ್ತಿಲ್ಲದ ಯಂತ್ರದ ಮುಚ್ಚಳ ತೆಗೆದು ನೋಡುವ ಹಾಗೆ ಒಂದೊಂದೇ ಮೆನು ತೆರೆದಳು, ಒಳಗೆ ಏನಿದೆ ನೋಡಿದಳು, ಮುಚ್ಚಿದಳು. ತಿಳಿನೀಲಿ ಬಣ್ಣದ ಥೀಮ್ ಆರಿಸಿಕೊಂಡಳು. ಒಂದೇ ಬೆರಳಲ್ಲಿ ವಿಳಾಸ ಬರೆದಳು, ದಾರ ಪದೇ ಪದೇ ಕಡಿದರೆ ಏನು ಮಾಡಬೇಕೆಂದು ಒಂದು ಪುಟವನ್ನೇ ಬರೆದಳು. ಥೀಮ್ ಜೊತೆಗೆ ಬಂದಿದ್ದ ಹಣ್ಣಿನ ಬುಟ್ಟಿಯ ಚಿತ್ರ ತೆಗೆದು ಅಪ್ಪನ ಕಾಲದ ಕಪ್ಪು ಯಂತ್ರದ ಚಿತ್ರ ಹಾಕಿದಳು. ಸೈಕಲ್ಲಿನ ಚಿತ್ರ ತೆಗೆದು ಬಾಬಿನ್‌ಗಳ ಚಿತ್ರ ಹಾಕಿದಳು. ಉಳಿದವನು ಒಬ್ಬನೇ. ಕೈಕಟ್ಟಿ ನಿಂತ ಗಡ್ಡದ ಗಂಡಸು, ಅವನ ಕೆಳಗೆ, 'ಸಂಸ್ಥೆಯ ಯಜಮಾನರು. ನಂಬಿಕೆಯೇ ನಮ್ಮ ಬಂಡವಾಳ.' ಅವನ ಮೂಗು ಒತ್ತಿದಳು, ಗಡ್ಡ ಒತ್ತಿದಳು, ಕೈ ಒತ್ತಿದಳು. ಆಸಾಮಿ ಜಪ್ಪಯ್ಯ ಅನ್ನಲಿಲ್ಲ. ಮುಂದಿನ ತರಗತಿಯಲ್ಲಿ ಕೇಳಿದರಾಯಿತು ಎಂದುಕೊಂಡಳು. ಆದರೆ ಮೂಲೆಯಲ್ಲಿ 'ಪ್ರಕಟಿಸಿ' ಎಂಬ ಗುಂಡಿ ಅವಳನ್ನೇ ನೋಡುತ್ತಿತ್ತು. ತಾಳಲಾರದೆ ಒತ್ತಿಯೇಬಿಟ್ಟಳು.

ಮಾರನೆಯ ದಿನವೇ ಗಡ್ಡದ ಯಜಮಾನರನ್ನು ಕೇಳುತ್ತಾ ಬಂದವಳು, ಶಾಲೆಗಳಿಗೆ ಯೂನಿಫಾರಂ ಹೊಲಿದುಕೊಡುವ ಈ ಹೆಂಗಸು.

ಆಕೆ ಮೆಟ್ಟಿಲಿಳಿದು ಹೋದ ಮೇಲೆ ಹೆಂಡತಿ ಫೋನಿನಲ್ಲಿ ಗಡ್ಡದವನನ್ನು ತೋರಿಸಿದಳು. ಗಂಡ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ಏನು ಗತ್ತು ನೋಡೇ ಎಣ್ಣೆಬುಡ್ಡಿ. ಈ ಮುಖ ನೋಡಿದ್ರೆ ನಾನೇ ಒಂದು ಯಂತ್ರ ಕೊಂಡ್ಕೊಂಡು ರಿಪೇರಿಗೆ ಕೊಡ್ತೀನಿ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವಳು ಯೂನಿಫಾರಮ್ಮಿನ ಯಂತ್ರ ಬಿಚ್ಚಿದಳು. ಶಟಲಿನ ಮೂತಿಯಲ್ಲಿ ಕೂದಲೆಳೆಯಷ್ಟು ಮುಕ್ಕಾಗಿ ದಾರ ಹಿಡಿದುಕೊಳ್ಳುತ್ತಿತ್ತು. ಉಜ್ಜಿ ನಯಮಾಡಿ ಜೋಡಿಸಿದಳು. ಕೊನೆಗೆ ಎಂದಿನಂತೆ ಒಂದು ಬಟ್ಟೆ ಚೂರಿನ ಮೇಲೆ ನೇರ ಹೊಲಿಗೆ ಹಾಕಿ, ತುದಿಯಲ್ಲಿ ಬಟ್ಟೆಯನ್ನು ತಿರುಗಿಸುತ್ತಾ ಬಸವನಹುಳುವಿನ ಚಿಪ್ಪಿನಂಥ ಸುರುಳಿ ಬಿಡಿಸಿದಳು. ಸುರುಳಿಯಲ್ಲೂ ದಾರ ಎಡವದಿದ್ದರೆ ಯಂತ್ರ ಗುಣವಾದಂತೆ. ಆ ಚೂರನ್ನು, ಬಟ್ಟೆ ಒತ್ತಿಹಿಡಿಯುವ ಯಂತ್ರದ ಪಾದದ ಕೆಳಗೇ ಬಿಟ್ಟು ಕಳಿಸುವುದು ಅವಳ ರೂಢಿ.

ಗಡ್ಡದ ಯಜಮಾನರ ಕೀರ್ತಿ ಹಬ್ಬಿತು. ದಿಂಬಿನಂಗಡಿಯವರು ಬಂದರು, ಚೀಲ ಹೊಲಿಯುವವರು ಬಂದರು. ಎಲ್ಲರೂ ಕೇಳುವುದು ಯಜಮಾನರನ್ನೇ. ಗಂಡನ ಬಾಯಿಗೆ ರೆಕ್ಕೆ ಬಂತು. ಯಜಮಾನರು ಬಿಡಿಭಾಗ ತರಲು ಹೋಗಿದ್ದಾರೆ, ಯಜಮಾನರಿಗೆ ಬೆನ್ನು ಹಿಡಿದುಕೊಂಡಿದೆ, ಅವರಿಗೆ ಜನ ಅಂದರೆ ಆಗದು, ಯಂತ್ರ ಅಂದರೆ ಪ್ರಾಣ. ಯಾರೋ ಒಬ್ಬರು ಅವರಿಗೆ ಮದುವೆಯಾಗಿದೆಯೇ ಎಂದು ವಿಚಾರಿಸಿದಾಗ, ಆಗಿದ್ದಿದ್ದರೆ ಅಷ್ಟು ಗಡ್ಡ ಬಿಡಲು ಹೆಂಡತಿ ಬಿಡುತ್ತಿದ್ದಳೇ ಎಂದ. ಪರದೆಯ ಹಿಂದೆ ಅವಳಿಗೆ ನಕ್ಕೂ ನಕ್ಕೂ ಪಕ್ಕೆ ನೋಯುತ್ತಿತ್ತು. ಟೀ ತಂದಾಗ ಯಜಮಾನರ ಪಾಲಿನದನ್ನೂ ನೀವೇ ಕುಡಿಯಿರಿ ಎಂದು ಗಂಡನನ್ನು ಛೇಡಿಸುತ್ತಿದ್ದಳು. ಕೈತುಂಬ ಕೆಲಸವಿತ್ತು. ಬೀಗದವನಿಗೆ ಬೀಗದ ಕೈ ಕೊಡುವ ಮಾತು ನಿಂತುಹೋಗಿತ್ತು.

ಒಂದು ಮಧ್ಯಾಹ್ನ ಅವಳು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಸೈಟಿನ ಒಳಬಾಗಿಲು ತೆರೆದಾಗ, ಒಂದು ಅನಿಸಿಕೆ ನಿಮ್ಮ ಒಪ್ಪಿಗೆಗೆ ಕಾಯುತ್ತಿದೆ ಎಂದು ಕಂಡಿತು. ಬರೆದವಳು ಯೂನಿಫಾರಂ ಹೊಲಿಯುವಾಕೆ. 'ನನ್ನ ಯಂತ್ರದ ಕಥೆ ಮುಗಿಯಿತು ಅಂದುಕೊಂಡಿದ್ದೆ. ಹೊಸದರಲ್ಲೂ ಅದು ಈಗಿನಷ್ಟು ಚೆನ್ನಾಗಿ ಹೊಲಿಯುತ್ತಿರಲಿಲ್ಲ. ಗಡ್ಡದ ಯಜಮಾನರ ಕೈಗೆ ನನ್ನ ನಮಸ್ಕಾರ.' ಅದರ ಕೆಳಗೆ ಎರಡು ಗುಂಡಿ: ಒಪ್ಪಿರಿ, ಕಸಕ್ಕೆ ಹಾಕಿರಿ.

ಅವಳು ಅದನ್ನು ಮತ್ತೆ ಓದಿದಳು. ಅವಳ ಕೆಲಸದ ಬಗ್ಗೆ ಯಾರೋ ಕೂತು ನಾಲ್ಕು ಮಾತು ಬರೆದದ್ದು ಇದೇ ಮೊದಲು. ಮೌಸಿನ ಮೇಲಿದ್ದ ತನ್ನ ಕೈಯನ್ನು ನೋಡಿಕೊಂಡಳು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಕಸಕ್ಕೆ ಹಾಕಿದರೆ ಯಾರಿಗೂ ತಿಳಿಯದು. ಆದರೆ ಯಂತ್ರ ಚೆನ್ನಾಗಿ ಹೊಲಿಯುತ್ತಿರುವುದು ನಿಜ ತಾನೇ. 'ಒಪ್ಪಿರಿ' ಒತ್ತಿದಳು. ಆ ದಿನ ಗಂಡನ ತಮಾಷೆಗೆ ಪರದೆಯ ಹಿಂದಿನಿಂದ ನಗು ಕೇಳಲಿಲ್ಲ. ಅವನು ಅದನ್ನು ಗಮನಿಸಿದ.

ಇಷ್ಟು ದಿನ ಕೇಳದೆ ಬಿಟ್ಟಿದ್ದವಳು, ಮುಂದಿನ ತರಗತಿಯಲ್ಲಿ ಮೇಡಂ ಹತ್ತಿರ ಗಡ್ಡದವನ ವಿಷಯ ಎತ್ತಿದಳು. ಅವನು ಇರುವುದು ಪುಟದಲ್ಲಲ್ಲ, ಥೀಮ್ ಒಳಗೆ, ಅದಕ್ಕೇ ಕೈಗೆ ಸಿಗುತ್ತಿಲ್ಲ ಎಂದು ಅವರು ಇನ್ನೊಂದು ಮೆನು ತೆರೆದು ತೋರಿಸಿದರು. ಅಲ್ಲಿ ಅವನು ಸಾಧುವಿನಂತೆ ಕೂತಿದ್ದ, ಪಕ್ಕದಲ್ಲೇ 'ಚಿತ್ರ ಬದಲಿಸಿ' ಎಂದಿತ್ತು.

"ಯಾರ ಫೋಟೋ ಹಾಕೋಣಮ್ಮ ಇಲ್ಲಿ?" ಎಂದು ಮೇಡಂ ಕೇಳಿದರು.

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಅವಳು ಎದ್ದು ಬಂದಳು. ಬಂದವಳು ಗಂಡನಿಗೆ ನೇರವಾಗಿಯೇ ಹೇಳಿದಳು. "ರೀ, ಅಲ್ಲಿ ನನ್ನ ಫೋಟೋ ಹಾಕ್ಲಾ?"

ಅವನು ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟ. ಹಾಕು, ನಿನ್ನದೇ ಅಂಗಡಿ ಎಂದ. ಆಮೇಲೆ ದನಿ ತಗ್ಗಿಸಿ, "ಆದ್ರೆ ನಿನ್ನ ಫೋಟೋ ನೋಡಿ ಜನ ಬರೋದು ನಿಂತುಬಿಟ್ರೆ? ಗಿರಾಕಿ ಹೋದ್ರೆ ಹೋಗ್ಲಿ. ಅದನ್ನ ನೀನು ಹೇಗೆ ತಡ್ಕೋತೀಯೋ ಅಂತ ನಂಗೆ ಭಯ," ಎಂದ. ಅವಳಿಗೂ ಅದೇ ಭಯವಿತ್ತು. ಗಡ್ಡದವನು ಇದ್ದಲ್ಲೇ ಇದ್ದ.

ಶಾಲೆಗಳು ತೆರೆಯುವ ಮುಂಚಿನ ವಾರ ಯೂನಿಫಾರಂ ಹೊಲಿಯುವಾಕೆ ಮತ್ತೆ ಯಂತ್ರ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು. ಮನೆತುಂಬ ಕತ್ತರಿಸಿಟ್ಟ ಬಟ್ಟೆ ಬಿದ್ದಿದೆ, ಯಂತ್ರದ ಚಕ್ರ ಅರ್ಧ ಸುತ್ತಿಗೇ ನಿಂತುಬಿಡುತ್ತದೆ. ಯಜಮಾನರು ಹೊರಗೆ ಹೋಗಿದ್ದಾರೆ ಎಂದು ಗಂಡ ಶುರುಮಾಡುವಷ್ಟರಲ್ಲೇ ಆಕೆ ಸ್ಟೂಲು ಎಳೆದುಕೊಂಡು ಕೂತಳು.

"ಬರ್ಲಿ ಅಣ್ಣ, ಕಾಯ್ತೀನಿ. ಈ ಸಲ ಅವರ ಕೈಲೇ, ನನ್ನ ಕಣ್ಣೆದುರಿಗೇ ಆಗ್ಬೇಕು. ಬೇರೆಯವರು ಮುಟ್ಟೋದು ಬೇಡ."

ಗಂಡ ಬೆನ್ನು ನೋವಿನ ಮಾತು ತೆಗೆದ. ಹಾಗಾದರೆ ಅವರ ಮನೆಗೇ ಹೋಗೋಣ, ವಿಳಾಸ ಕೊಡಿ ಎಂದಳು. ಊರಲ್ಲಿಲ್ಲ ಎಂದ. ಈಗ ತಾನೇ ಬೆನ್ನು ನೋವು ಅಂದಿರಲ್ಲ ಎಂದಳು. ಗಂಡ ಗೋಡೆಯ ಬೆಲ್ಟುಗಳನ್ನು ಎಣಿಸುವವನಂತೆ ಅತ್ತ ತಿರುಗಿದ. ಆಕೆ ಬೇಸರಕ್ಕೆ ಯಂತ್ರದ ಚಕ್ರವನ್ನು ಹಿಂದೆ ಮುಂದೆ ಆಡಿಸುತ್ತಾ ಕೂತಳು. ಟಕ್. ಟಕ್.

ಪರದೆಯ ಹಿಂದೆ ಕೂತವಳಿಗೆ ಆ ಸದ್ದು ತಡೆಯಲಾಗಲಿಲ್ಲ. ಮುರಿದ ಸೂಜಿಯ ತುದಿ ಶಟಲಿನ ಹಾದಿಯಲ್ಲಿ ಬಿದ್ದಿದೆ, ಒತ್ತಾಯದಿಂದ ತಿರುಗಿಸಿದಷ್ಟೂ ಲೋಹ ಗೀರಿಹೋಗುತ್ತದೆ. ಅಳುವ ಮಗುವಿನಂಥ ಆ ಸದ್ದನ್ನು ಎಷ್ಟು ಹೊತ್ತು ಅಂತ ಕೇಳುತ್ತಾ ಕೂರುವುದು? ಸ್ಕ್ರೂಡ್ರೈವರ್, ಚಿಮಟ ಎತ್ತಿಕೊಂಡು ಪರದೆ ಸರಿಸಿ ಹೊರಗೆ ಬಂದಳು.

"ತಿರುಗಿಸ್ಬೇಡಿ," ಎಂದಳು.

"ಅಕ್ಕ, ನೀವು ಮುಟ್ಬೇಡಿ. ಯಜಮಾನರು ಬರ್ಲಿ."

"ಅವರು ಬರಲ್ಲ."

ಹೇಳುತ್ತಲೇ ಯಂತ್ರವನ್ನು ಪಕ್ಕಕ್ಕೆ ಮಲಗಿಸಿದ್ದಳು. ಆಕೆ ಅರ್ಧ ಎದ್ದವಳು, ಆ ಬೆರಳುಗಳ ಓಡಾಟ ನೋಡಿ ಹಾಗೆಯೇ ನಿಂತಳು. ಮುಚ್ಚಳ ಬಂತು, ಶಟಲ್ ಬಂತು, ಚಿಮಟದ ತುದಿಯಲ್ಲಿ ಮಿನುಗುವ ಸೂಜಿಯ ಚೂರು ಬಂತು. ಗೀರಿದ ಜಾಗ ಉಜ್ಜಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿ, ದಾರ ಪೋಣಿಸಿದಳು. ಪರೀಕ್ಷೆಗೆ ಬಟ್ಟೆಯ ಚೂರು ಬೇಕಿತ್ತು, ಚೂರುಗಳೆಲ್ಲ ಒಳಗಿದ್ದವು. ಅವಳು ಒಳಗೆ ಹೋಗಲಿಲ್ಲ. ಕೈಚಾಚಿ ಪರದೆಯನ್ನೇ ಕೊಂಡಿಯಿಂದ ಎಳೆದುಕೊಂಡಳು. ಅದರ ಅಂಚು ಹೇಗೂ ಎಂದೋ ಬಿಚ್ಚಿಕೊಂಡಿತ್ತು. ಒಂದು ಕೈ ಚಕ್ರದ ಮೇಲೆ, ಇನ್ನೊಂದು ಬಟ್ಟೆಯ ಮೇಲೆ. ಅಂಚಿನುದ್ದಕ್ಕೂ ಹೊಲಿಗೆ ಓಡಿತು, ತುದಿಯಲ್ಲಿ ತಿರುಗಿತು, ಸುತ್ತಿತು, ಪುಟ್ಟ ಬಸವನಹುಳುವಾಗಿ ನಿಂತಿತು.

ಯೂನಿಫಾರಂ ಹೊಲಿಯುವಾಕೆ ಬಗ್ಗಿ ಅದನ್ನು ಬೆರಳಿನಿಂದ ಮುಟ್ಟಿದಳು.

"ಹೋದ ಸಲ ಪಾದದ ಕೆಳಗೆ ಒಂದು ಚೂರು ಬಟ್ಟೆ ಇತ್ತು. ಚೆಂದ ಇದೆ ಅಂತ ನಾನು ಎಸೀಲಿಲ್ಲ, ಇದೇ ಹುಳ." ತಲೆಯೆತ್ತಿದಳು. "ಹಾಗಾದ್ರೆ ಆಗ್ಲೂ ನೀವೇನಾ ಅಕ್ಕ?"

"ನಾನೇ."

"ಮತ್ತೆ ಆ ಗಡ್ಡದವರು?"

ಗಂಡ ಬಾಯಿ ತೆರೆದ. ಅವಳು ಅವನಿಗಿಂತ ಮುಂಚೆ ಹೇಳಿದಳು. "ಅವರು ಮನೆ ಜೊತೆಗೇ ಬಂದವರು. ಹೊರಗೆ ಕಳಿಸೋದು ಹೇಗೆ ಅಂತ ಗೊತ್ತಿರ್ಲಿಲ್ಲ."

ಕಥೆಯನ್ನೆಲ್ಲ ಕೇಳಿದ ಮೇಲೆ ಆಕೆ ನಕ್ಕದ್ದು ಹೇಗಿತ್ತೆಂದರೆ, ಏನಾಯಿತೋ ಎಂದು ಕೆಳಗಿನಿಂದ ಬೀಗದವನು ಮೆಟ್ಟಿಲು ಹತ್ತಿ ಬಂದು ಇಣುಕಿದ. ನಕ್ಕು ಮುಗಿಸಿ ಆಕೆ ತನ್ನ ಫೋನು ತೆಗೆದಳು. ಅಲ್ಲೇ ಕೂತಿರಿ ಅಕ್ಕ, ಅಲುಗಾಡಬೇಡಿ ಎಂದಳು. ಕೆನ್ನೆಯ ಮೇಲೆ ಎಣ್ಣೆಯ ಮಸಿ ಇದೆ, ಒರೆಸಿಕೊ ಎಂದು ಗಂಡ ಗಡಿಬಿಡಿ ಮಾಡಿದ. ಒರೆಸಿಕೊಳ್ಳಬೇಡಿ ಎಂದು ಆಕೆ ಗದರಿದಳು.

ಸಂಜೆ 'ಚಿತ್ರ ಬದಲಿಸಿ' ಒತ್ತುವ ಮುಂಚೆ ಗಂಡ ಹೆಂಡತಿ ಇಬ್ಬರೂ ಗಡ್ಡದವನನ್ನು ಕೊನೆಯದಾಗಿ ನೋಡಿದರು.

"ಪಾಪ, ಎಷ್ಟು ದುಡಿದ. ಒಂದು ಲೋಟ ಟೀ ಕೂಡ ಕೇಳ್ಲಿಲ್ಲ," ಎಂದ ಗಂಡ.

ಅವಳು ಒತ್ತಿದಳು.

ಬೆಳಿಗ್ಗೆ ಮೆಟ್ಟಿಲ ಮೇಲೆ ಯಾರದೋ ಭಾರದ ಹೆಜ್ಜೆ. ಚಪ್ಪಲಿ ಹೊಲಿಯುವ ದೊಡ್ಡ ಯಂತ್ರವನ್ನು ಹೆಗಲ ಮೇಲೆ ಹೊತ್ತ ಒಬ್ಬ ಮುದುಕ ಬಾಗಿಲಲ್ಲಿ ಕಾಣಿಸಿಕೊಂಡ. ರಿಪೇರಿ ಅಕ್ಕ ಇದ್ದಾರಾ ಎಂದು ಕೇಳಿದ. ಗಂಡ ರೂಢಿಯಂತೆ, ಈಗಷ್ಟೇ ಹೊರಗೆ, ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿ, ಹಿಂದಕ್ಕೆ ತಿರುಗಿದ.

ಕಿಟಕಿಯ ಬಿಸಿಲು ಈಗ ಹಿಂದಿನ ಮೇಜಿನವರೆಗೂ ಬರುತ್ತಿತ್ತು. ಮೇಜಿನ ಮೇಲೆ ಒಂದು ಯಂತ್ರ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಸೋರುವ ಎಣ್ಣೆಗೆಂದು ಅದರ ಕೆಳಗೆ ಪರದೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದಳು, ಮಡಿಕೆಯ ಅಂಚಿನಿಂದ ಆ ಪುಟ್ಟ ಬಸವನಹುಳು ಹೊರಗೆ ಇಣುಕುತ್ತಿತ್ತು.